ಅತ್ತೆಯನ್ನು ಎತ್ತಬೇಕಾದ ಟ್ರ್ಯಾಕ್ಟರು

ಚಳಿಗಾಲದಲ್ಲಿ ಟ್ರ್ಯಾಕ್ಟರಿನ ಸೈಲೆನ್ಸರಿಗೆ ಉಣ್ಣೆಯ ಮಫ್ಲರ್ ಸುತ್ತುವ ಮನುಷ್ಯ ಇಡೀ ಬೆಂಗಳೂರಿನಲ್ಲಿ ಒಬ್ಬರೇ ಇದ್ದಾರೆ, ಅವರು ನನ್ನ ಸೋದರಮಾವ! ನೀವು ನಂಬುವುದಿಲ್ಲ, ಗೊತ್ತು. ಅನುಮಾನವಿದ್ದವರು ಗೋವಿಂದರಾಜನಗರಕ್ಕೆ ಬಂದು ನೋಡಬಹುದು. ಆ ಮಫ್ಲರನ್ನು ಅತ್ತೆ ಹೆಣೆದದ್ದು ಮಾವನ ಕೊರಳಿಗೆ. ಮಾವ ಒಂದು ಬೆಳಿಗ್ಗೆ ಸುತ್ತಿಕೊಂಡು ನೋಡಿ, "ನನಗಿಂತ ಅದಕ್ಕೇ ಇದು ಬೇಕಿತ್ತು ಕಣೇ, ಪಾಪ, ಚಳೀಲಿ ಸ್ಟಾರ್ಟ್ ಆಗಕ್ಕೆ ಒದ್ದಾಡುತ್ತೆ" ಎಂದು ದಾನ ಮಾಡಿಬಿಟ್ಟರು. ಅತ್ತೆ ಆಮೇಲೆ ಸೂಜಿ ಮುಟ್ಟಿಲ್ಲ.

ಮಾವನ ಮನೆ ಮೂರು ಮಹಡಿಯದು. ಕೆಳಗೆ ಬಾಡಿಗೆಯವರು, ನಡುವೆ ಮಾವ ಮತ್ತು ಅತ್ತೆ, ಮೇಲೆ ಮಗ ಸೊಸೆ. ಮಗನಿಗೆ ಕಾರಿದೆ. ಆ ಕಾರು ಎಲ್ಲಿ ನಿಲ್ಲುತ್ತದೆ ಅಂತೀರಿ? ಎರಡು ಬೀದಿ ಆಚೆ, ಯಾರದೋ ಖಾಲಿ ಸೈಟಿನಲ್ಲಿ, ಬಿಸಿಲಿಗೆ! ಮನೆಯ ಪೋರ್ಟಿಕೋದ ನೆರಳಲ್ಲಿ ಮಹಾರಾಜನ ಹಾಗೆ ನಿಂತಿರುವುದು ಟ್ರ್ಯಾಕ್ಟರು. ಬಣ್ಣ ಒಂದು ಕಾಲಕ್ಕೆ ಕೆಂಪು. ಈಗ ಅದಕ್ಕೆ ಯಾವ ಬಣ್ಣವೆಂದು ಹೇಳುವುದು ಕಷ್ಟ. ಮನೆ ಬಾಡಿಗೆಗೆ ಕೇಳಿಕೊಂಡು ಬಂದವರಿಗೆ ಮಾವ ಊರು, ಕೆಲಸ ಏನನ್ನೂ ಕೇಳುವುದಿಲ್ಲ. "ಭಾನುವಾರ ಬೆಳಿಗ್ಗೆ ಇದನ್ನ ಸ್ಟಾರ್ಟ್ ಮಾಡ್ತೀನಿ. ಕಿಟಕಿ ಗಾಜು ಅದುರುತ್ತೆ. ಪರವಾಗಿಲ್ವಾ?" ಇಷ್ಟೇ ಪರೀಕ್ಷೆ.

ಭಾನುವಾರದ ಇನ್ನೊಂದು ಸೇವೆಯೆಂದರೆ ಸ್ನಾನ. ಹಿಂದೆ ಎತ್ತುಗಳಿಗೆ ಮೈ ತೊಳೆಸುತ್ತಿದ್ದ ಕೈ ಅದು, ಸುಮ್ಮನಿರುತ್ತದೆಯೇ? ಎತ್ತು ಹೋಗಿ ಟ್ರ್ಯಾಕ್ಟರು ಬಂದರೂ ಮಾವ ಪದ್ಧತಿ ಬದಲಾಯಿಸಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು, ಚೊಂಬಿನಲ್ಲಿ ಮೊಗೆದು, ಅದರ ಬೆನ್ನ ಮೇಲೆ ಸುರಿದು, ತೆಂಗಿನ ನಾರಿನಿಂದ ತಿಕ್ಕುತ್ತಾರೆ. ತಿಕ್ಕುವಾಗ ಅದರೊಂದಿಗೆ ಮಾತು ಬೇರೆ! ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಈ ದೃಶ್ಯ ನೋಡಿ ಎದುರುಮನೆಯವರ ಹೊಟ್ಟೆ ಉರಿಯದೆ ಇರುತ್ತದೆಯೇ?

ಇಂಥ ಮಾವನನ್ನು ಸಹಿಸಿಕೊಂಡು ಬಂದವರು ನಮ್ಮ ಅತ್ತೆ. ಅವರಿಗೆ ಈಗ ಮಂಡಿ ಹೋಗಿದೆ. ಎರಡೂ ಮಂಡಿ ಬದಲಾಯಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಆಪರೇಷನ್ನಿಗೆ ದಿನವೂ ಗೊತ್ತಾಯಿತು. ಅತ್ತೆಗೆ ಒಳಗೊಳಗೇ ದಿಗಿಲು. ಒಂದು ದಿನ ನಾನು ವಿಜಯನಗರದಿಂದ ಸ್ಕೂಟರಿನಲ್ಲಿ ಅವರನ್ನು ನೋಡಲು ಹೋದಾಗ ಕಾಫಿ ಕೊಡುತ್ತಾ ಹೇಳಿದರು.

"ಆಸ್ಪತ್ರೇಲಿ ಮಲಗೋಕೆ ಮುಂಚೆ ಒಂದ್ಸಲ ಹೊಲಕ್ಕೆ ಹೋಗಿ ಬರ್ಬೇಕು ಕಣಪ್ಪ."

"ಯಾವ ಹೊಲ ಅತ್ತೆ? ಅದು ಲೇಔಟ್ ಆಗಿ ಯಾವ ಕಾಲ ಆಯ್ತು!"

"ಹೊಲ ಅಲ್ಲೇ ಇದೆ. ಮೇಲೆ ಮನೆ ಕಟ್ಕೊಂಡಿದಾರೆ, ಅಷ್ಟೆ."

ನಾನು ತಕ್ಷಣ ಕಾರು ಮಾಡಿಸುತ್ತೇನೆ ಎಂದೆ. ಮಾಗಡಿ ರೋಡು ದಾಟಿ ಬಸವೇಶ್ವರನಗರದ ಕಡೆ ತಿರುಗಿದರೆ ಹತ್ತು ನಿಮಿಷದ ದಾರಿ, ಅದೇನು ಮಹಾ! ಅತ್ತೆ ನನ್ನನ್ನು ಮರುಕದಿಂದ ನೋಡಿದರು. "ಕಾರಲ್ಲಿ ಹೋಗೋರು ನೆಂಟರು. ನಾನು ಆ ಹೊಲದ ಸೊಸೆ. ಬುತ್ತಿ ಇಟ್ಕೊಂಡು ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಕೂತ್ಕೊಂಡು ಹೋಗ್ತಿದ್ದೋಳು. ಹಂಗೇ ಹೋಗ್ಬೇಕು."

ಆಸೆಯೇನೋ ಸರಿ. ಮೆಟ್ಟಿಲನ್ನೇ ಕಂಬಿ ಹಿಡಿದು ಪಕ್ಕಕ್ಕೆ ವಾಲಿ ಒಂದೊಂದಾಗಿ ಇಳಿಯುವ ಅತ್ತೆ ಟ್ರ್ಯಾಕ್ಟರು ಹತ್ತುವುದು ಹೇಗೆ? ಮಾವನ ಹತ್ತಿರ ಇದಕ್ಕೆ ಉತ್ತರವಿತ್ತು. ಟ್ರ್ಯಾಕ್ಟರಿನ ಹಿಂದೆ ನೇಗಿಲನ್ನು ಎತ್ತಿ ಇಳಿಸುವ ಎರಡು ಕಬ್ಬಿಣದ ತೋಳುಗಳಿರುತ್ತವಲ್ಲ, ಎಣ್ಣೆಯ ಒತ್ತಡದಿಂದ ಮೇಲೇಳುವಂಥವು, ಹೈಡ್ರಾಲಿಕ್ ಲಿಫ್ಟು ಅನ್ನುತ್ತಾರೆ, ಅದಕ್ಕೆ ಗಟ್ಟಿ ಹಲಗೆಯೊಂದನ್ನು ಬಿಗಿದರು. ಅತ್ತೆ ಹಲಗೆಯ ಮೇಲೆ ನಿಲ್ಲುವುದು, ಮಾವ ಲಿವರ್ ಎಳೆಯುವುದು, ಅತ್ತೆ ಮೇಲೆ ಹೋಗಿ ಮಡ್‌ಗಾರ್ಡಿನ ಮೇಲೆ ಕೂರುವುದು. "ಮಾಲ್‌ಗಳಲ್ಲಿ ಇರೋ ಲಿಫ್ಟ್‌ಗೂ ಇದಕ್ಕೂ ಏನೋ ವ್ಯತ್ಯಾಸ?" ಎಂದು ನನ್ನನ್ನೇ ಕೇಳಿದರು. ವ್ಯತ್ಯಾಸವನ್ನು ತಿಳಿಯುವ ಭಾಗ್ಯವೂ ನನ್ನದೇ ಆಯಿತು.

ಪರೀಕ್ಷೆಗೆ ಹಲಗೆಯ ಮೇಲೆ ನಿಲ್ಲಿಸಿದ್ದು ನನ್ನನ್ನು. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅತ್ತೆ ತೂಕಕ್ಕೆ ನೀನು ಸಾಲಲ್ಲ, ಆ ಅಕ್ಕಿ ಚೀಲ ತಬ್ಕೋ" ಎಂದರು. ಮೇಲಿನ ಕಿಟಕಿಯಿಂದ ಅತ್ತೆಯ ದನಿ ಕೇಳಿತು, "ನನಗೆ ಕೇಳಿಸ್ತು ಕಣ್ರೀ!" ಮಾವ ಲಿವರ್ ಎಳೆದರು. ಹಲಗೆ ಒಂದು ಗೇಣು ಏರಿ ನಿಂತಿತು, ಜಗ್ಗಿತು, ಮತ್ತೆ ಎಗರಿತು, ಮತ್ತೆ ಜಗ್ಗಿತು. ನನ್ನ ಕನ್ನಡಕ ಮೂಗಿನ ತುದಿಗೆ ಬಂತು, ಅಕ್ಕಿ ಚೀಲ ಗಲ್ಲಕ್ಕೆ ಗುದ್ದಿತು. ಬಿಕ್ಕಳಿಸುವವನ ಹೆಗಲ ಮೇಲೆ ಕೂತಂತೆ! ಗೇಟಿನ ಆಚೆ ಬೈಕ್ ನಿಲ್ಲಿಸಿ ನೋಡುತ್ತಿದ್ದವನೊಬ್ಬ, "ಸಾರ್, ಇನ್ನೊಂದ್ ರೌಂಡ್ ಹೊಡೀರಿ, ವಿಡಿಯೋ ಮಿಸ್ ಆಯ್ತು" ಎಂದ.

ಅತ್ತೆಯನ್ನು ಈ ಬಿಕ್ಕಳಿಕೆಯ ಮೇಲೆ ಹತ್ತಿಸಿದರೆ ಮಂಡಿಯ ಜೊತೆ ಸೊಂಟಕ್ಕೂ ಆಪರೇಷನ್ನು ಖಂಡಿತ. ಮಾವನ ಮುಖ ಸಪ್ಪಗಾಯಿತು. ಅವತ್ತಿನಿಂದ ಊಟ ತಿಂಡಿ ಎಲ್ಲ ಟ್ರ್ಯಾಕ್ಟರಿನ ಹತ್ತಿರವೇ. ಎಣ್ಣೆ ಎಷ್ಟಿದೆ ಎಂದು ಕಡ್ಡಿ ಎಳೆದು ನೋಡಿದರು. ಕಡಿಮೆಯಾಗುವುದಿರಲಿ, ಮಟ್ಟ ಬೇಕಾದ್ದಕ್ಕಿಂತ ಒಂದು ಚೂರು ಮೇಲೇ ಇತ್ತು! ಎಣ್ಣೆ ತಾನಾಗಿ ಹೆಚ್ಚುವುದುಂಟೇ? ಅದನ್ನು ನಾವಿಬ್ಬರೂ ಶುಭಸೂಚನೆ ಎಂದುಕೊಂಡೆವು. ಮಾವ ಪಿನ್ನುಗಳನ್ನು ಬಿಚ್ಚಿ ಗ್ರೀಸು ಹಚ್ಚಿದರು. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಕಡೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಆಲಿಸಿದರು. ಕೊನೆಗೆ ಗಂಭೀರವಾಗಿ, "ಗಾಳಿ ಸೇರ್ಕೊಂಡಿದೆ" ಎಂದರು.

"ಓಮದ ನೀರು ಕೊಡಿ, ಹೋಗುತ್ತೆ" ಎಂದರು ಅತ್ತೆ ಕಿಟಕಿಯಿಂದ.

ಕೆಂಗೇರಿಯ ಕಡೆಯಿಂದ ಒಬ್ಬ ಮೆಕ್ಯಾನಿಕ್ಕನ್ನೂ ಕರೆತಂದದ್ದಾಯಿತು. ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮಫ್ಲರ್ ಕಂಡು ಒಂದು ಕ್ಷಣ ನಿಂತು, "ಯಜಮಾನ್ರೇ, ಇದಕ್ಕೆ ಪಾರ್ಟ್ಸ್ ಎಲ್ಲಿ ಸಿಗ್ತವೆ? ಗುಜರಿಗೆ ಹಾಕ್ಬಿಡಿ" ಎಂದ. ಮಾವ ಅವನಿಗೆ ಕಾಫಿ ಕೊಡಿಸಿ, ಗೇಟಿನವರೆಗೆ ಹೋಗಿ ಕಳಿಸಿ, ಬಾಗಿಲು ಹಾಕಿಕೊಂಡು ಬಂದು, ಟ್ರ್ಯಾಕ್ಟರಿನ ಬಾನೆಟ್ಟು ಸವರಿ, "ಅವನಿಗೇನು ಗೊತ್ತು, ನೀನು ಮನಸ್ಸಿಗೆ ಹಚ್ಕೋಬೇಡ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸಮಾಧಾನ ನನಗಲ್ಲ, ಅದಕ್ಕೆ!

ಆಪರೇಷನ್ನಿನ ದಿನ ಹತ್ತಿರ ಬರುತ್ತಿತ್ತು. ಅತ್ತೆ ತಮಾಷೆ ಮಾಡುವುದನ್ನು ಕಡಿಮೆ ಮಾಡಿದರು. ಒಂದು ಸಂಜೆ, "ಹೋಗ್ಲಿ ಬಿಡ್ರೀ, ಆಗದೇ ಇರೋದಕ್ಕೆ ಯಾಕೆ ಒದ್ದಾಡ್ತೀರಿ" ಎಂದು ಹೇಳಿ ಒಳಗೆ ಹೋಗಿಬಿಟ್ಟರು. ಮಾವ ಮೆಟ್ಟಿಲ ಮೇಲೆ ಕೂತು ಒರೆಸಿದ ಸ್ಪ್ಯಾನರನ್ನೇ ಮತ್ತೆ ಮತ್ತೆ ಒರೆಸಿದರು.

ಮಾರನೆಯ ಬೆಳಿಗ್ಗೆ ಎಣ್ಣೆಯನ್ನೆಲ್ಲ ಇಳಿಸಿಯೇ ನೋಡೋಣ ಎಂದು ಕೆಳಗೆ ಬಾಂಡಲಿ ಇಟ್ಟು ಬೋಲ್ಟು ಬಿಚ್ಚಿದರು. ಜೇನಿನ ಬಣ್ಣದ ಎಣ್ಣೆ ಬರಬೇಕಿತ್ತು. ಬಂದದ್ದು ಹಾಲು ಹೆಚ್ಚಾದ ಕಾಫಿ! ನೊರೆ ಸಮೇತ! ಅತ್ತೆ ಮೇಲಿಂದ ಬಗ್ಗಿ ನೋಡಿ, "ಇದೇನ್ರೀ, ಅದಕ್ಕೂ ಕಾಫಿ ಕುಡಿಸ್ತಿದ್ರಾ?" ಎಂದರು.

ಮಾವ ಬೆರಳಲ್ಲಿ ತೆಗೆದು ಉಜ್ಜಿ ನೋಡಿದರು. ಎಣ್ಣೆಗೆ ನೀರು ಬೆರೆತಿತ್ತು. ಪಂಪು ಎಣ್ಣೆಯ ಬದಲು ಈ ನೊರೆಯನ್ನು ಎಳೆದುಕೊಂಡು ಬಿಕ್ಕುತ್ತಿತ್ತು. ಮಟ್ಟ ಯಾಕೆ ಹೆಚ್ಚಿತ್ತು ಎಂದು ಈಗ ತಿಳಿಯಿತು. ನೀರು ಬಂದದ್ದೆಲ್ಲಿಂದ? ಈ ಟ್ರ್ಯಾಕ್ಟರಿನಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ. ಗೇರಿನ ಕೋಲಿನ ಬುಡದಲ್ಲಿ ಒಂದು ರಬ್ಬರಿನ ಟೋಪಿ ಇರುತ್ತದೆ. ಅದು ಹರಿದು ಬಾಯಿ ಬಿಟ್ಟಿತ್ತು. ಭಾನುವಾರ ಭಾನುವಾರ ಪ್ರೀತಿಯಿಂದ ಬೆನ್ನಿಗೆ ಸುರಿದ ಚೊಂಬು ಚೊಂಬು ನೀರು ಸದ್ದಿಲ್ಲದೆ ಅಲ್ಲಿಂದ ಒಳಗಿಳಿದಿತ್ತು. ಮಾವ ನನ್ನನ್ನು ನೋಡಿದರು, ಬಕೆಟ್ಟನ್ನು ನೋಡಿದರು. "ನಾನೇ ಮಾಡಿದ್ದೇನೋ ಇದು?" ಎಂದರು ಮೆಲ್ಲಗೆ.

ಅತ್ತೆ ಸುಮ್ಮನಿರುತ್ತಾರೆಯೇ! "ಅಷ್ಟು ಸಲ ಅದರ ಬೆನ್ನುಜ್ಜಿದ್ರಲ್ಲ, ಒಂದ್ ದಿನ ಆದ್ರೂ ನನ್ನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದ್ರಾ?" ಬಾಡಿಗೆಯವರ ಮನೆಯೊಳಗಿಂದ ಯಾರೋ ಕಿಸಕ್ಕೆಂದು ನಕ್ಕರು. ಮಾವನೂ ನಕ್ಕರು. ಎಷ್ಟೋ ದಿನಗಳ ಮೇಲೆ ಆ ನಗು ಕೇಳಿ ನನಗೆ ಜೀವ ಬಂದಂತಾಯಿತು.

ಆಮೇಲಿನದು ಬರೀ ದುಡಿಮೆ. ಒಳಗನ್ನು ಡೀಸೆಲ್ಲಿನಿಂದ ತೊಳೆದು, ಪೂರಾ ಸೋರಿಸಿ, ಜಾಲರಿಯಲ್ಲಿ ಕೂತಿದ್ದ ಜಿಡ್ಡು ತೆಗೆದು, ಹೊಸ ಎಣ್ಣೆ ತುಂಬಿದೆವು. ಹರಿದ ಟೋಪಿಗೆ ಸೈಕಲ್ ಟ್ಯೂಬು ಕತ್ತರಿಸಿ ಮಾವನೇ ಹೊಸದು ಮಾಡಿ ಕಟ್ಟಿದರು. ಒಳಗಿನ ಗಾಳಿ ಹೋಗುವ ತನಕ ಲಿಫ್ಟನ್ನು ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡಿದರು. ಕೊನೆಗೆ ಹಲಗೆಯ ಮೇಲೆ ಅಂಚಿನವರೆಗೆ ನೀರು ತುಂಬಿದ ಚೊಂಬು ಇಟ್ಟು ಲಿವರ್ ಎಳೆದರು. ಹಾಲು ಉಕ್ಕಿ ಬರುವಷ್ಟು ನಯವಾಗಿ ಹಲಗೆ ಮೇಲೆ ಬಂತು. ಒಂದು ತೊಟ್ಟು ಚೆಲ್ಲಲಿಲ್ಲ. ಮಾವ ಕಿಟಕಿಯ ಕಡೆ ತಿರುಗಿ, "ಸೀರೆ ಉಟ್ಕೊಳ್ಳೇ!" ಎಂದು ಕೂಗಿದರು.

ಅತ್ತೆ ಹಸಿರು ಸೀರೆ ಉಟ್ಟು, ಹೂ ಮುಡಿದು ಇಳಿದು ಬಂದರು. ಹಲಗೆಯ ಮೇಲೆ ನಿಂತು ಒಂದು ಕೈಯಲ್ಲಿ ನನ್ನ ಹೆಗಲು ಹಿಡಿದರು. ಮಾವ ಹಿಂದಕ್ಕೆ ತಿರುಗಿ, ಅವರ ಮುಖವನ್ನೇ ನೋಡುತ್ತಾ, ಉಸಿರು ಬಿಗಿ ಹಿಡಿದು ಲಿವರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದರು. ಅತ್ತೆ ಏರಿದರು, ಹಿಂದಕ್ಕೆ ಸರಿದು ಮಡ್‌ಗಾರ್ಡಿನ ಮೇಲೆ ಕೂತರು. "ಜರ್ಕ್ ಆಯ್ತಾ?" ಎಂದರು ಮಾವ. "ಏನ್ ಜರ್ಕು? ಹೊರಡಿ, ಬಿಸಿಲಾಗುತ್ತೆ" ಎಂದರು ಅತ್ತೆ.

ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ಮಾಗಡಿ ರೋಡಿನಲ್ಲಿ ಬಸ್ಸುಗಳು ಹಾರ್ನ್ ಹೊಡೆದವು, ಆಟೋದವರು ಬೈದರು. ಮಾವ ಯಾರಿಗೂ ಜಗ್ಗಲಿಲ್ಲ. ದಾರಿಯುದ್ದಕ್ಕೂ ಅತ್ತೆ ಕೈ ತೋರಿಸುತ್ತಿದ್ದರು. ಮೊಬೈಲ್ ಅಂಗಡಿಯ ಹತ್ತಿರ ಬಾವಿ ಇತ್ತಂತೆ, ಕ್ಲಿನಿಕ್ಕಿನ ಹತ್ತಿರ ಹುಣಸೆಮರ ಇತ್ತಂತೆ. ಕೊನೆಗೆ ಒಂದು ಸೂಪರ್ ಮಾರ್ಕೆಟ್ಟಿನ ಮುಂದೆ, "ಇಲ್ಲೇ, ನಿಲ್ಸಿ" ಎಂದರು. ಮಾವ ಆಗಲೇ ನಿಲ್ಲಿಸಿದ್ದರು.

ಅತ್ತೆ ಹಲಗೆಗೆ ಸರಿದರು. ಮಾವ ಅವರನ್ನು ನಿಧಾನವಾಗಿ ಇಳಿಸಿದರು. ಹಲಗೆ ನೆಲ ಮುಟ್ಟಿದ ಮೇಲೆ ಅತ್ತೆ ಕಾಲಿಡದೆ ನಿಂತರು. ನನ್ನ ತೋಳು ಹಿಡಿದುಕೊಂಡು ಒಂದೊಂದೇ ಚಪ್ಪಲಿ ಬಿಟ್ಟರು.

"ಅತ್ತೆ, ಗಾಜು ಗೀಜು ಬಿದ್ದಿರುತ್ತೆ."

"ರಾಗಿ ಒಕ್ಕೋ ಕಣ ಇದು. ಚಪ್ಪಲಿ ಹಾಕ್ಕೊಂಡು ಇಳೀತಾರೇನೋ?"

ಬರಿಗಾಲಲ್ಲಿ ಟಾರಿನ ಮೇಲೆ ಇಳಿದು, ಬಗ್ಗಲು ಆಗದೆ, ಬಲಗಾಲಿನ ಹೆಬ್ಬೆರಳಿನಿಂದ ನೆಲವನ್ನು ಮುಟ್ಟಿ ಮುಟ್ಟಿ ನೋಡಿದರು. ಕಣ್ಣು ತುಂಬಿತ್ತು. ಸೂಪರ್ ಮಾರ್ಕೆಟ್ಟಿನ ಸೆಕ್ಯುರಿಟಿಯವನು ಸೀಟಿ ಊದುತ್ತಾ ಬಂದ. "ಅಂಕಲ್, ಇಲ್ಲಿ ಪಾರ್ಕಿಂಗ್ ಇಲ್ಲ, ತೆಗೀರಿ." ನಮ್ಮ ಮಾವ ಬೀದಿ ಜಗಳಕ್ಕೆ ಹೆಸರಾದವರು. ಅವತ್ತು ಕೈ ಮುಗಿದರು. "ಒಂದೇ ನಿಮಿಷ ಕಣಪ್ಪ. ನಮ್ಮನೆಯವರು ಹೊಲಕ್ಕೆ ಬಂದಿದಾರೆ."

ಅವನು ಅತ್ತೆಯನ್ನು ನೋಡಿ ಸೀಟಿ ಜೇಬಿಗೆ ಹಾಕಿಕೊಂಡ. ಮಾವ ತಮ್ಮ ಚಪ್ಪಲಿಯನ್ನೂ ಟ್ರ್ಯಾಕ್ಟರಿನ ಮೇಲೇ ಬಿಟ್ಟು ಇಳಿದು, ಹೋಗಿ ಅತ್ತೆಯ ಕೈ ಹಿಡಿದುಕೊಂಡರು. ಅವರು ಅತ್ತೆಯ ಕೈ ಹಿಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಹೊಲ ಹೋದಾಗ ನಾನು ಕೈಗೂಸು, ನನಗೆ ಅದರ ಒಂದು ಹಿಡಿ ಮಣ್ಣಿನ ನೆನಪೂ ಇಲ್ಲ. ಆದರೂ ಅದು ಬೇಕು ಅನ್ನಿಸಿತು. ಸ್ಕೂಟರ್ ಸ್ಟ್ಯಾಂಡ್ ಹಾಕಿ ಫುಟ್‌ಪಾತಿನ ಮೇಲೆ ಕೂತು ನಾನೂ ಶೂ ಲೇಸು ಬಿಚ್ಚತೊಡಗಿದೆ.