ಒಂದೇ ಒಂದು ರಾಕ್ ಫೋಟೋ

ಹೊಳೆನರಸೀಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನಿಗೆ ರಾಕ್ ಸಂಗೀತದ ಹುಚ್ಚು ಹಿಡಿದರೆ ಇಂಥವು ಆಗುತ್ತಲೇ ಇರುತ್ತವೆ. ತಪ್ಪೆಲ್ಲ ಒಂದು ಪುಸ್ತಕದ್ದು. ಹಾಸನದ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತು. ಹಿಂದಿನ ಕಾಲದ ವಿದೇಶಿ ರಾಕ್ ಕಲಾವಿದರ ಕಪ್ಪುಬಿಳುಪು ಫೋಟೋಗಳು. ಭುಜದವರೆಗೆ ಕೂದಲು, ಕೊರಳಲ್ಲಿ ಗಿಟಾರು, ಲೋಕವನ್ನೇ ಮರೆತ ಮುಖ. ಮೂವತ್ತು ವರ್ಷ ನಾನು ತೆಗೆದದ್ದೆಲ್ಲ ‘ಗದ್ದ ಸ್ವಲ್ಪ ಮೇಲೆ’ ಫೋಟೋಗಳೇ. ಸಾಯುವುದರೊಳಗೆ ಅಂಥದ್ದು ಒಂದು, ಒಂದೇ ಒಂದು ನನ್ನ ಕೈಯಿಂದ ಆಗಬೇಕು ಅಂತ ಆಸೆ ಹತ್ತಿಕೊಂಡಿತು.

ಗೋಡೆ ಮೇಲಿನವರು

ಪುಸ್ತಕದ ಒಂದು ಹಾಳೆ ಬಿಡಿಸಿ, ಕಟ್ಟು ಹಾಕಿಸಿ ಸ್ಟುಡಿಯೋದಲ್ಲಿ ತೂಗುಹಾಕಿದೆ. ಗಡ್ಡದ ಗಿಟಾರಿಸ್ಟು. ಪಿಂಚಣಿ ಅರ್ಜಿಗೆ ಫೋಟೋ ತೆಗೆಸಲು ಬಂದ ಅಜ್ಜಿಯೊಬ್ಬರು ಅದನ್ನೇ ನೋಡಿ, ಚೀಲದಿಂದ ಒಂದು ಸೇವಂತಿಗೆ ತೆಗೆದು ಕಟ್ಟಿಗೆ ಸಿಕ್ಕಿಸಿ ಕೈ ಮುಗಿದರು. ನಮ್ಮ ಕಡೆ ಗೋಡೆ ಏರುವವರೆಂದರೆ ದೇವರು, ಇಲ್ಲವೇ ತೀರಿಕೊಂಡವರು.

“ನಿಮ್ಮಣ್ಣನಾ, ಮಗಾ? ಯಾವಾಗ ತೀರೋದ್ರು?”

“ಇಲ್ಲ ಅಜ್ಜಿ, ಇನ್ನೂ ಇದಾರೆ. ಫಾರಿನ್ನಲ್ಲಿ ಹಾಡ್ತಾರೆ.”

ಅಜ್ಜಿ ಹೂವನ್ನು ವಾಪಸ್ಸು ತೆಗೆದುಕೊಂಡರು. “ಬದುಕಿರೋರ್ನ ನೇತಾಕ್ಬುಟ್ಟಿದ್ದೀಯಲ್ಲೋ! ಇಳ್ಸು ಮೊದ್ಲು. ಅವ್ರ ಎಂಡ್ರು ನೋಡಿದ್ರೆ ನಿನ್ನ ಸುಮ್ನೆ ಬಿಟ್ಟಾರಾ?”

ಚನ್ನರಾಯಪಟ್ಟಣದ ಆರತಕ್ಷತೆ

ನಾನು ಫೋಟೋ ತೆಗೆಯಲು ಹೋಗಿದ್ದ ಮದುವೆಯಲ್ಲಿ ಆರ್ಕೆಸ್ಟ್ರಾ ಇತ್ತು. ಉದ್ದ ಕೂದಲಿನ ಗಿಟಾರಿಸ್ಟು ಮೈ ಬಗ್ಗಿಸಿ ನುಡಿಸುತ್ತಿದ್ದ. ಪುಸ್ತಕದಿಂದ ಎದ್ದು ಬಂದವನ ಹಾಗೇ! ಓಡಿಹೋಗಿ ಮಂಡಿಯೂರಿ ಕ್ಯಾಮೆರಾ ಎತ್ತಿದೆ. ಅಷ್ಟೇ, ಆತ ನುಡಿಸುವುದು ನಿಲ್ಲಿಸಿ, ಕೂದಲನ್ನು ಕಿವಿ ಹಿಂದಕ್ಕೆ ಸರಿಸಿ, ನೆಟ್ಟಗೆ ಕೈಕಟ್ಟಿ ನಿಂತ.

“ನುಡಿಸಪ್ಪಾ!”

“ನೀವು ತೆಕ್ಕಳಿ ಸಾ, ಆಮೇಲೆ ನುಡಿಸ್ತೀನಿ.”

ನಾಲ್ಕು ಸಲ ಹೀಗೇ ಆಯಿತು. ಅತ್ತ ಹುಡುಗಿಯ ಸೋದರಮಾವ ಉಡುಗೊರೆಯ ಹಿತ್ತಾಳೆ ಕೊಳಗ ಹಿಡಿದು, ಮದುಮಕ್ಕಳ ಪಕ್ಕದಲ್ಲಿ ಹಲ್ಲು ಕಿರಿದುಕೊಂಡೇ ಕಾಯುತ್ತಿದ್ದರು. ಕೊನೆಗೆ ಹುಡುಗಿಯ ತಂದೆಯೇ ಬಂದು ನನ್ನ ಭುಜ ತಟ್ಟಿದರು.

“ಮದ್ವೆ ಗಂಡು ಆ ಕಡೆ ಕುಂತವ್ನೆ ಸಾ. ಈ ಅಳಿಯನ್ನ ನಾನಿನ್ನೂ ಒಪ್ಪಿಲ್ಲ.”

ರಾಮನಾಥಪುರದ ಗಿಟಾರು

ಒಂದು ಕಾಲಕ್ಕೆ ಅರಕಲಗೂಡಿನ ಆರ್ಕೆಸ್ಟ್ರಾದಲ್ಲಿ ಇಂಗ್ಲಿಷ್ ರಾಕ್ ಹಾಡು ನುಡಿಸುತ್ತಿದ್ದವರೊಬ್ಬರು ಈಗ ರಾಮನಾಥಪುರದಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ ಅಂತ ತಿಳಿದು ಪುಸ್ತಕ ಹಿಡಿದು ಹೋದೆ. ಆಸೆಯಿಂದ ನೋಡಿದರೆ ತಲೆ ಪೂರ್ತಿ ಬೋಳು. ಅವರು ಒಂದೊಂದೇ ಹಾಳೆ ತಿರುವಿದರು. ಅವರ ಹೆಂಡತಿ ಬೀರುವಿನ ಮೇಲಿಂದ, ಹಳೇ ಸೀರೆಯಲ್ಲಿ ಸುತ್ತಿಟ್ಟ ಗಿಟಾರು ಇಳಿಸಿಕೊಟ್ಟರು. ಶ್ರುತಿ ಮಾಡುವುದಕ್ಕೇ ಅರ್ಧ ಗಂಟೆ. ಆಮೇಲೆ ನುಡಿಸಿದರು ನೋಡಿ! ಬಾಗಿಲ ಬೆಳಕು ಒಂದು ಕೆನ್ನೆಗೆ, ಹಣೆಯಲ್ಲಿ ಬೆವರು, ಮುಚ್ಚಿದ ಕಣ್ಣು. ನಾನಿರುವುದೇ ಅವರಿಗೆ ಮರೆತುಹೋಗಿತ್ತು. ಕ್ಲಿಕ್ಕಿಸಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಳು ಬಂದುಬಿಟ್ಟಿತು.

ಮುಂದಿನ ವಾರ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ. ಅವರ ಮುಖ ಸಪ್ಪಗಾಯಿತು.

“ಕಣ್ಣೇ ಮುಚ್ಚೋಗೈತಲ್ಲ ಸಾ! ಇನ್ನೊಂದು ತೆಗೀರಿ, ಸರಿಯಾಗಿ ಕಣ್ಬಿಟ್ಕಂಡು ನಿಂತ್ಕತೀನಿ” ಅಂತ ಅಂಗಿ ಬದಲಾಯಿಸಲು ಒಳಗೆ ಹೋದರು.

ಹೆಂಡತಿ ಫೋಟೋವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. “ಗಣೇಶನ ಪೆಂಡಾಲಲ್ಲಿ ನುಡಿಸೋದ್ನ ನೋಡಿ ನಾನು ಒಪ್ಪಿದ್ದು ಇವ್ರನ್ನೇ ಕಣಣ್ಣ. ಎಲ್ಲೋಗ್ಬುಟ್ರೋ ಅಂದ್ಕಂಡಿದ್ದೆ” ಅಂದರು. ಸೆರಗಿನಿಂದ ಫೋಟೋ ಒರೆಸಿ ಎದೆಗವಚಿಕೊಂಡರು.

“ಇದು ನಂಗಿರ್ಲಿ. ಅವ್ರಿಗೆ ಬೇಕಾದಂಗೆ ಇನ್ನೊಂದು ತೆಕ್ಕೊಡಿ. ಕಣ್ಬಿಟ್ಕಂಡಿರೋ ಗಂಡನ್ನ ನಾನು ದಿನಾ ನೋಡ್ತಾನೇ ಇವ್ನಿ!”