ಅಜ್ಜಿ ಕತ್ತರಿಸಿದ ಇಂಗ್ಲಿಷು

ಬೀಡಿ ಕಟ್ಟುತ್ತಾ ಕೂತವಳಿಗೆ ನಗಲು ಊರು ಸುತ್ತಬೇಕಾಗಿಲ್ಲ. ಮೊಮ್ಮಗಳು ಶಾಲೆಯಿಂದ ದಿನಕ್ಕೊಂದು ಹೊತ್ತುಕೊಂಡೇ ಬರುತ್ತಾಳೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಹೇಳುತ್ತೇನೆ, ಸೊಸೆ ಬರೆಯುತ್ತಾಳೆ.

ಜೊತೆಯಾಗಿ ಹೋಗುವವರು

ಮೊಮ್ಮಗಳು ಸವಣೂರಿನಲ್ಲಿ ಇಂಗ್ಲಿಷ್ ಮೀಡಿಯಂ, ಎರಡನೇ ಕ್ಲಾಸು. ಆ ತಿಂಗಳು ಅವರಿಗೆ ಎಳೆದು ಹೇಳುವ ಸ್ವರಗಳ ಪಾಠ. ನನ್ನ ಬೀಡಿ ಎಲೆಯ ಗೆರಸೆಯ ಎದುರು ಕೂತು ನನಗೇ ಕಲಿಸಿದಳು.

"ಅಜ್ಜಿ, ಎರಡು ಸ್ವರ ಜೊತೆಗೆ ಹೋದ್ರೆ ಮುಂದೆ ಹೋಗುವವ ಮಾತ್ರ ಮಾತಾಡುದು. ಹಿಂದೆ ಬರುವವ ಬಾಯಿ ಮುಚ್ಚಿಕೊಂಡು ಬರುದು."

"ಯಾರು ಹೇಳಿದ್ದು?"

"ನಮ್ಮ ಟೀಚರ್."

"ಟೀಚರಿಗೆ ಮದುವೆ ಆಗಿದೆಯಾ?"

"ಇಲ್ಲ."

"ಹಾಗಾದ್ರೆ ಅವರನ್ನು ಹೇಳಿ ಪ್ರಯೋಜನ ಇಲ್ಲ."

ಬಾಯಿ ಬಿಡದ ಅಕ್ಷರ

ಮರುದಿನ ಇನ್ನೊಂದು ತಂದಳು. ಕೆಲವು ಪದಗಳ ಕೊನೆಗೆ ಒಂದು 'ಇ' ಕೂತಿರುತ್ತದಂತೆ. ತಾನು ಬಾಯಿ ಬಿಡುವುದಿಲ್ಲ. ಆದರೆ ಅದು ಬಂದು ಕೂತದ್ದೇ ತಡ, ನಡುವೆ ಇರುವ ಸ್ವರ ತನ್ನ ಹೆಸರನ್ನೇ ಉದ್ದಕ್ಕೆ ಹೇಳಿಬಿಡುತ್ತದಂತೆ.

"ಗೊತ್ತಾಯ್ತು. ನನ್ನ ಅತ್ತೆಯೂ ಹಾಗೆಯೇ. ಜಗಲಿಯ ಮೂಲೆಯಲ್ಲಿ ವೀಳ್ಯ ಜಗಿದುಕೊಂಡು ಕೂರ್ತಿದ್ರು, ಒಂದು ಮಾತಿಲ್ಲ. ಆದ್ರೆ ಅವರು ಕೇಳದೇ ಇದ್ದದ್ದನ್ನೂ ನಾವು ಒಪ್ಪಿಸಿಬಿಡ್ತಿದ್ದೆವು" ಅಂದೆ.

ಕೆಲಸದಿಂದ ಆಗಷ್ಟೇ ಬಂದಿದ್ದ ಸೊಸೆ ಒಳಗಿಂದ, "ಅವರು ಮಾತಾಡದೆ ಕೂರ್ತಿದ್ರಾ? ಪುಣ್ಯ ಮಾಡಿದ್ರಿ ಅತ್ತೆ ನೀವು" ಅಂದಳು.

ಬ್ರಾಂಚಿನ ಕ್ರಮ

ದಿನಾ ಹತ್ತು ಪದ ನೋಡದೆ ಬರೆಯಬೇಕು, ಮನೆಯ ದೊಡ್ಡವರು ತಿದ್ದಿ ಸಹಿ ಹಾಕಬೇಕು. ಮಗನದ್ದು ಲಾರಿ ಕೆಲಸ. ಸೊಸೆ ಗೇರುಬೀಜದ ಫ್ಯಾಕ್ಟರಿಯಿಂದ ಬರುವಾಗ ಕತ್ತಲೆ. ಉಳಿದದ್ದು ನಾನು.

"ಓದ್ಲಿಕ್ಕೆ ಬಾರದವರು ಹೇಗೆ ತಿದ್ದುದು ಮಾರಾಯ್ತಿ?" ಅಂತ ನೆರೆಮನೆಯವಳು ನಕ್ಕಳು.

"ಕಟ್ಟಿದ ಬೀಡಿ ಕೊಡ್ಲಿಕ್ಕೆ ಹೋದಾಗ ಬ್ರಾಂಚಿನವ ಒಂದೊಂದೇ ಬೀಡಿ ಎಳೆದು ನೋಡ್ತಾನಾ? ಕಣ್ಣಲ್ಲೇ ನೋಡುದಲ್ವಾ?"

ಪುಸ್ತಕ ಒಂದು ಕಡೆ, ನೋಟ್ಸು ಒಂದು ಕಡೆ ಇಟ್ಟೆ. ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿದೆ. ಬ್ರಾಂಚಿನಲ್ಲಿ ಕೆಟ್ಟ ಬೀಡಿಯನ್ನು ಒಳ್ಳೆಯದರ ಜೊತೆ ಬಿಡುವ ಕ್ರಮ ಇಲ್ಲ, ಮುರಿದು ಬಿಸಾಡುತ್ತಾರೆ. ಹಾಗೆ ನಾನೂ ತಪ್ಪು ಪದಗಳನ್ನು ಎಲೆ ಕತ್ತರಿಸುವ ಕತ್ತರಿಯಲ್ಲಿ ಚೊಕ್ಕವಾಗಿ ಕತ್ತರಿಸಿ ತೆಗೆದು, ಕೆಳಗೆ ಹೆಬ್ಬೆಟ್ಟು ಒತ್ತಿದೆ.

ವಾರ ಕಳೆದು ಟೀಚರಿಂದ ಚೀಟಿ ಬಂತು: "ನೋಟ್ಸನ್ನು ಇಲಿ ತಿನ್ನದ ಹಾಗೆ ಇಡಿ."

ಸೊಸೆಯ ಸಹಿ

ಶಾಲೆಗೆ ಹೋಗಿ, ಇಲಿ ನಾನೇ ಅಂತ ಹೇಳಿದೆ. ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಹೀಗಾಗುದಿಲ್ಲ ಅಜ್ಜಿ. ಓದು ಬರುವವರು ನೋಡಲಿ, ಇಲ್ಲದಿದ್ರೆ ಸಂಜೆ ಟ್ಯೂಷನ್ನಿಗೆ ಕಳಿಸಿ" ಅಂದರು.

ಟ್ಯೂಷನ್ನಿಗೆ ಹೋದರೆ ಮಗು ಬರುವುದು ಊಟದ ಹೊತ್ತಿಗೆ. ಸಂಜೆಯಿಡೀ ನಾನು ಬೀಡಿಯ ಹತ್ತಿರ ಮಾತಾಡಬೇಕಾ? ಅದು ಬೇಡವೇ ಬೇಡ ಅಂತ ರಾತ್ರಿ ಸೊಸೆಯನ್ನು ಕೂರಿಸಿದೆ. ಹತ್ತನೇ ಕ್ಲಾಸು ಪಾಸಾದವಳು. ಒಂದೊಂದೇ ಪದ ಗಟ್ಟಿಯಾಗಿ ಓದಿ "ಸರಿ, ಸರಿ, ಸರಿ" ಅಂದು ಬಾಲ ಬಿಟ್ಟು ಸಹಿ ಹಾಕಿದಳು.

ನಾನು ಬಗ್ಗಿ ನೋಡಿದೆ. "ಮೂರು ಸರಿ ಇಲ್ಲ."

"ಅತ್ತೆ, ಇದು ರೇನ್, ಮಳೆ. ಕೊನೆಗೆ 'ಇ' ಕೂತಿದೆ, ಓದಿದ್ರೆ ರೇನ್ ಅಂತಲೇ ಆಗ್ತದೆ."

"ಆಗಬಹುದು. ಆದ್ರೆ ಪುಸ್ತಕದ ಮಳೆ ಹೀಗಿಲ್ಲ."

"ನಿಮಗೆ ಓದ್ಲಿಕ್ಕೆ ಬರ್ತದಾ?"

"ಬರುದಿಲ್ಲ. ಅದಕ್ಕೇ ಕಾಣ್ತದೆ."

ಅವಳ ಮುಖ ದಪ್ಪ ಆಯಿತು. ನಾನು ಬೀಡಿ ಎಲೆಗೆ ಕೈ ಹಾಕಿದೆ.

ಮೂರನೇ ದಿನ ನೋಟ್ಸು ಕೆಂಪು ಕೆಂಪಾಗಿ ವಾಪಸು ಬಂತು, ಅಡಿಯಲ್ಲಿ ಎರಡು ಸಾಲು. ಸೊಸೆ ಮನಸ್ಸಿನಲ್ಲೇ ಓದಿಕೊಂಡಳು.

"ಎಂತ ಬರೆದಿದ್ದಾರೆ?"

"ಎಂತ ಇಲ್ಲ ಅತ್ತೆ."

ಮೊಮ್ಮಗಳು ಕಿತ್ತುಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಇಡೀ ಮನೆಗೆ ಕೇಳುವ ಹಾಗೆ ಓದಿದಳು:

"ನಾಳೆಯಿಂದ ಅಜ್ಜಿಯೇ ನೋಡಲಿ. ಕತ್ತರಿ ಮಾತ್ರ ಕೊಡಬೇಡಿ."