ಮಾಸ್ತರರ ಗ್ಯಾಸು

ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಕರುಳಿನ ಆಪರೇಷನ್ ಆದವರ ಊಟ ನೋಡಿಕೊಳ್ಳುವುದು ನನ್ನ ಕೆಲಸ. ಊಟದ ವಿಷಯಕ್ಕೆ ಬಂದರೆ ಪ್ರತಿಯೊಬ್ಬರಿಗೂ ಅವರದೇ ಒಂದು ವೈದ್ಯಶಾಸ್ತ್ರ ಇರುತ್ತದೆ. ಹಾಗಾಗಿ ನಮ್ಮ ವಾರ್ಡಿನಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಆದರೆ ತಾರ್ನಾಕ ಬಡಾವಣೆಯ ಮಾಸ್ತರರು ಇದ್ದ ವಾರದ ಮುಂದೆ ಉಳಿದವೆಲ್ಲ ಸಪ್ಪೆ.

ಮೂವತ್ತು ವರ್ಷ ಇಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ. ಜೊತೆಗಿದ್ದ ಅಮ್ಮನವರು ಅವರ ಹೆಂಡತಿ, ರಾಯಚೂರು ಕಡೆಯವರು. ಆ ಕಡೆ ಶಾಲೆಯ ಟೀಚರಮ್ಮನನ್ನು ಕರೆಯುವ ಹಾಗೆ ನನ್ನನ್ನು 'ಬಾಯಾರ' ಎನ್ನುತ್ತಿದ್ದರು.

೧. ಮೂರು ಭಾಷೆಯ ಶರಬತ್ತು

ಆಪರೇಷನ್ನಿಗೆ ಎರಡು ತಾಸು ಮೊದಲು, ಮೈಗೆ ಕಸುವಿರಲಿ ಅಂತ, ಒಂದು ಲೋಟ ಸಿಹಿ ನೀರು ಕುಡಿಸುತ್ತೇವೆ. ಅಮ್ಮನವರು ಲೋಟವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. ಆಪರೇಷನ್ ಅಂದರೆ ಖಾಲಿ ಹೊಟ್ಟೆ ಎಂಬುದು ಅವರ ತಿಳಿವಳಿಕೆ. ನಾನು ಕನ್ನಡದಲ್ಲಿ ಹೇಳಿದೆ. ನಂಬಲಿಲ್ಲ. ಹೋಗಿ ನರ್ಸಮ್ಮನನ್ನು ತೆಲುಗಿನಲ್ಲಿ ಕೇಳಿದರು, ಅರಿವಳಿಕೆ ಡಾಕ್ಟರನ್ನು ಹಿಂದಿಯಲ್ಲಿ ಕೇಳಿದರು. ಎಲ್ಲರೂ ಕುಡಿಸಿರಿ ಅಂದರು. ಮೂರೂ ಕಡೆ ಒಂದೇ ಉತ್ತರ ಬಂದಮೇಲೆ ಲೆಕ್ಕ ಸರಿ ಇರಬೇಕು ಎಂದು ಮಾಸ್ತರರು ಗಟಗಟ ಕುಡಿದುಬಿಟ್ಟರು. ಅಮ್ಮನವರ ಅಭಿಪ್ರಾಯ ಬೇರೆಯೇ ಇತ್ತು.

"ಈ ಮಂದಿ ಮೂರೂ ಭಾಷಾದಾಗ ತಪ್ಪು ಹೇಳಾಕತ್ತಾರ್ರಿ."

೨. ಸಿಲಿಂಡರು

ಗಡ್ಡೆಯನ್ನು ಪೂರ್ತಿ ತೆಗೆದರು. ಆದರೆ ಕರುಳಿಗೆ ಕೈ ಹಚ್ಚಿದರೆ ಅದು ಮುನಿಸಿಕೊಂಡು ಮಲಗಿಬಿಡುತ್ತದೆ. ಮತ್ತೆ ಎದ್ದಿತು ಎನ್ನುವುದಕ್ಕೆ ಮೊದಲ ಗುರುತು ಹೂಸು. ವಾರ್ಡಿನಲ್ಲಿ ನಾವು ಮರ್ಯಾದೆಗೆ ಅದನ್ನು ಗ್ಯಾಸ್ ಎನ್ನುತ್ತೇವೆ. ಮಾಸ್ತರರಿಗೆ ಮರುದಿನ ಕೊಟ್ಟ ಗಂಜಿನೀರು ವಾಂತಿಯಾಯಿತು, ಹೊಟ್ಟೆ ಉಬ್ಬಿತು. ಎರಡನೆಯ ದಿನವೂ ಗ್ಯಾಸ್ ಇಲ್ಲ.

ಹೊಸದಾಗಿ ಸೇರಿದ್ದ ನರ್ಸು ಅಮ್ಮನವರ ಹತ್ತಿರ ಹೋಗಿ, "ಗ್ಯಾಸ್ ಪೋಯಿಂದಾ ಅಮ್ಮಾ?" ಎಂದು ಕೇಳಿದಳು. ಹೋಯಿತಾ ಎಂದು ಅವಳ ಪ್ರಶ್ನೆ. ಅಮ್ಮನವರ ತಲೆಯಲ್ಲಿದ್ದದ್ದು ಮನೆಯ ಒಲೆ. ಅವರು ವಿವರವಾಗಿಯೇ ಉತ್ತರ ಕೊಟ್ಟರು. ಹುಡುಗಿ ಅದನ್ನು ಹಾಗೇ ಹೊತ್ತುಕೊಂಡು ನನ್ನ ಬಳಿ ಓಡಿಬಂದಳು: ಮಾಸ್ತರರ ಗ್ಯಾಸ್ ಬುಕ್ ಆಗಿದೆಯಂತೆ, ನಾಳೆ ಬರುತ್ತದಂತೆ, ಚಾರ್ಟಿನಲ್ಲಿ ಏನಂತ ಬರೆಯಲಿ ಮೇಡಂ?

೩. ಮೂರು ಹೊತ್ತಿನ ಔಷಧಿ

ಮಲಗಿದ ಕರುಳನ್ನು ಎಬ್ಬಿಸಲು ಚ್ಯೂಯಿಂಗ್ ಗಮ್ ಕೊಡುವುದುಂಟು. ಬಾಯಿ ಅಗಿಯತೊಡಗಿದರೆ ಊಟ ಬರುತ್ತಿದೆ ಎಂದು ಕರುಳು ನಂಬಿಬಿಡುತ್ತದೆ. ಇಷ್ಟು ವರ್ಷ ಕಂಡರೂ ನನಗೆ ಇದೊಂದು ಸೋಜಿಗವೇ.

ಆದರೆ ಕೊಡುವುದು ಯಾರಿಗೆ? ಮೂವತ್ತು ವರ್ಷ ಹುಡುಗರ ಬಾಯಿಂದ ಗಮ್ ಉಗುಳಿಸಿದ, ಬೆಂಚಿನ ಕೆಳಗೆ ಅಂಟಿಸಿದ್ದನ್ನು ಅಡಿಪಟ್ಟಿಯಿಂದ ಕೆರೆಸಿದ ಮನುಷ್ಯ. "ಬೇಕಾದ್ರ ಇನ್ನೊಮ್ಮೆ ಹೊಟ್ಟಿ ಕೊಯ್ರಿ. ಅದನ್ನ ಮಾತ್ರ ಬಾಯಾಗ ಇಡಂಗಿಲ್ಲ," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ನಾಳೆ ಸಂಜೆಯೊಳಗೆ ಗ್ಯಾಸ್ ಹೋಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುವುದಾಗಿ ಡಾಕ್ಟರು ಹೇಳಿ ಹೋದರು. ಅಮ್ಮನವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ನಗು ಬತ್ತಿಹೋಗಿತ್ತು, ಹೆದರಿಕೆಯಾಯಿತು. ಮಾಸ್ತರರು ಹೆಂಡತಿಯ ಮುಖ ನೋಡಿದರು. ನನ್ನ ಕಡೆ ಅಂಗೈ ಚಾಚಿದರು. ಈಗೊಂದು, ರಾತ್ರಿಗೊಂದು, ಬೆಳಿಗ್ಗೆಗೊಂದು ಎಂದು ಮೂರು ಗಮ್ ಇಟ್ಟೆ.

ಮರುದಿನ ಬೆಳಿಗ್ಗೆ ಕೈಜಾರಿದ ಪೆನ್ನು ತೆಗೆದುಕೊಳ್ಳಲು ಬಗ್ಗಿದೆ. ಮಾಸ್ತರರ ಊಟದ ಮೇಜಿನ ಕೆಳಗೆ ಅಗಿದ ಗಮ್ ಅಂಟಿಸಿತ್ತು, ಮೂರು ಉಂಡೆ. ಗಣಿತದವರಲ್ಲವೇ, ಒಂದರಿಂದ ಒಂದಕ್ಕೆ ಅಂತರ ಮಾತ್ರ ಸರಿಸಮ.

೪. ಯಾರದು?

ಅವತ್ತು ಮಧ್ಯಾಹ್ನ ಮಾಸ್ತರರನ್ನು ನೋಡಲು ನಾಲ್ವರು ಹಳೆಯ ವಿದ್ಯಾರ್ಥಿಗಳು ಬಂದರು. ಎಲ್ಲರಿಗೂ ತಲೆ ನರೆತಿತ್ತು. ಒಬ್ಬರು ರಕ್ಷಣಾ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಕೂರಲು ಹೇಳಿದರೂ ಕೂರದೆ ಮಂಚದ ಸುತ್ತ ಕೈಕಟ್ಟಿ ನಿಂತರು. ಸಂಜೆಗೆ ಇನ್ನು ಎರಡೇ ತಾಸು. ಅಮ್ಮನವರು ಗಡಿಯಾರ ನೋಡುತ್ತ ಕೂತಿದ್ದರು, ನಾನು ಚಾರ್ಟು ಹಿಡಿದುಕೊಂಡಿದ್ದೆ.

ಆಗ ಆ ಸದ್ದು ಬಂತು. ಉದ್ದವಾಗಿ, ಸ್ಪಷ್ಟವಾಗಿ.

ನಾಲ್ವರೂ ಥಟ್ಟನೆ ತಲೆ ತಗ್ಗಿಸಿದರು. ಅದೇಕೆಂದು ಆಮೇಲೆ ಅವರೇ ಹೇಳಿದರು. ತರಗತಿಯಲ್ಲಿ ಇಂಥ ಸದ್ದು ಬಂದರೆ ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟು ತಿರುಗಿ, ಯಾರದು ಎಂದು ಕೇಳುತ್ತಿದ್ದರಂತೆ. ಮೂವತ್ತು ವರ್ಷದಲ್ಲಿ ಒಬ್ಬನೂ ಒಪ್ಪಿಕೊಂಡಿರಲಿಲ್ಲವಂತೆ.

ನನಗೆ ಇದೊಂದೂ ಗೊತ್ತಿರಲಿಲ್ಲ. ಕೋಣೆಯಲ್ಲಿ ಅಷ್ಟು ಜನ, ಚಾರ್ಟಿಗೆ ಸರಿಯಾದ ಮಾಹಿತಿ ಬೇಕು. ಪೆನ್ನು ತೆರೆದು ಕೇಳಿಯೇಬಿಟ್ಟೆ: "ಯಾರದು?"

ನಾಲ್ವರೂ ಇನ್ನಷ್ಟು ತಲೆ ತಗ್ಗಿಸಿದರು. ಮಾಸ್ತರರು ಸಲಾಯಿನ್ ಸೂಜಿ ಚುಚ್ಚಿದ್ದ ಕೈಯನ್ನೇ ನಿಧಾನವಾಗಿ ಮೇಲೆತ್ತಿದರು.

"ನಂದ ಐತ್ರಿ, ಬಾಯಾರ. ಬರ್ಕೋರಿ."